ಎದೆಮಟ್ಟದ ಅಳತೆ

"ಟೇಪು ಸಡಿಲ ಬಿಡಬೇಡ, ಬಿಗಿಯಾಗಿ ಹಿಡಿ," ಎಂದು ದೊಡ್ಡ ಮಾಲಿ ಮರದ ಆಚೆ ಬದಿಯಲ್ಲಿದ್ದ ಹೆಂಡತಿಗೆ ಹೇಳಿದರು. ಸಡಿಲ ಬಿಟ್ಟಿದ್ದರೆ ಅಳತೆ ಹೆಚ್ಚೇ ಬರುತ್ತಿತ್ತು. ಆದರೆ ಅಳತೆಯಲ್ಲಿ ಮಾತ್ರ ಮೋಸ ಕೂಡದೆಂಬ ಹಟ ಅವರದು. ಹೆಂಡತಿಯ ತಮ್ಮ ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ.

ಭಾವ, ಮೈದುನ ಇಬ್ಬರೂ ಈ ಮರದೋಟದಲ್ಲೇ ದುಡಿದು ನಿವೃತ್ತರಾದವರು. ದೇಶದೇಶಗಳ ಮರ ತಂದು ನೂರೈವತ್ತು ವರ್ಷ ಬೆಳೆಸಿದ ಕಾಡು ಅದು. ನಲವತ್ತು ವರ್ಷದ ಕೆಳಗೆ ಕಡಲಾಚೆಯಿಂದ ಒಂದೇ ಪೆಟ್ಟಿಗೆಯಲ್ಲಿ ದೇವದಾರು ಜಾತಿಯ ಎರಡು ಸಸಿ ಬಂದಾಗ, ದಷ್ಟಪುಷ್ಟವಾದದ್ದನ್ನು ಹಿರಿತನದ ಹಕ್ಕಿನಿಂದ ದೊಡ್ಡ ಮಾಲಿ ಎತ್ತಿಕೊಂಡರು. ಬಡಕಲು ಸಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೈದುನನ ಪಾಲಾಯಿತು. ಆ ಬಡಕಲೇ ಕೊಬ್ಬಿ ಬೆಳೆಯಿತು. ವರ್ಷಕ್ಕೊಮ್ಮೆ ಇಬ್ಬರೂ ಬಂದು ಅವರವರ ಮರಕ್ಕೆ ಅವರವರ ಎದೆಮಟ್ಟದಲ್ಲಿ ಟೇಪು ಸುತ್ತುವರು, ಪ್ರತಿ ವರ್ಷವೂ ದೊಡ್ಡ ಮಾಲಿ ಸೋಲುವರು. ಹೊಟ್ಟೆಕಿಚ್ಚಿಗೆ ಅವರು ಮಾಡದ್ದೇ ಇಲ್ಲ. ಒಂದು ಬೇಸಿಗೆಯಿಡೀ ಮೈದುನನ ಮರದ ನೀರನ್ನು ತಮ್ಮ ಮರಕ್ಕೆ ತಿರುಗಿಸಿಕೊಂಡದ್ದೂ ಉಂಟು. ಮೈದುನನ ಮರ ಕ್ಯಾರೇ ಅನ್ನಲಿಲ್ಲ.

ಈ ಸಲ ಮೈದುನನ ಮರ ಆಗಲೇ ಅಳೆದಾಗಿತ್ತು. ದೊಡ್ಡ ಮಾಲಿ ಟೇಪಿನ ಗೆರೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತಮ್ಮದು ನಾಲ್ಕು ಬೆರಳು ಹೆಚ್ಚು.

"ನೀನೇ ಬಂದು ನೋಡ್ಕೋ," ಎಂದರು. "ಆಮೇಲೆ ಮೋಸ ಅನ್ಬೇಡ."

ಮೈದುನ ಬಗ್ಗಿ ಟೇಪು ನೋಡಿದ. ಟೇಪಿಗಿಂತ ಗೇಣುದ್ದ ಮೇಲಿದ್ದ, ಮರದ ಹೆಸರಿನ ತಗಡು ನೋಡಿದ. ಆಮೇಲೆ ಭಾವನ ಬಾಗಿದ ಬೆನ್ನು ನೋಡಿದ.

"ಸರಿಯಾಗಿದೆ ಭಾವ. ಈ ಸಲ ನೀವೇ ಗೆದ್ರಿ."

ದೊಡ್ಡ ಮಾಲಿ ಅವನ ಮುಖವನ್ನೇ ನೋಡಿದರು. ತಾವು ನಲವತ್ತು ವರ್ಷ ಉರಿದ ಉರಿಯ ಒಂದು ಕಿಡಿಯಾದರೂ ಅಲ್ಲಿ ಕಾಣಬೇಕಿತ್ತು. ಕಾಣಲಿಲ್ಲ. ಸೋಲುವುದರಲ್ಲೂ ಇವನದೇ ಮೇಲುಗೈ ಎನಿಸಿ ಗೆದ್ದ ಖುಷಿ ಅರ್ಧ ಇಳಿಯಿತು.

ಟೇಪು ಸುತ್ತುತ್ತಾ ಈಚೆ ಬಂದ ಹೆಂಡತಿ ನಿಂತಳು. "ಅಲ್ರೀ, ಈ ತಗಡಿಗೆ ನೀವು ಮೊಳೆ ಹೊಡೆದಾಗ ಅದು ನಿಮ್ಮ ಎದೆಮಟ್ಟಕ್ಕಿತ್ತು. ಈಗ ಗದ್ದಕ್ಕೆ ಬಂದಿದೆಯಲ್ಲ?"

ದೊಡ್ಡ ಮಾಲಿ ಬಾಯಿ ತೆರೆಯುವ ಮೊದಲೇ ಮೈದುನ ಹೇಳಿಬಿಟ್ಟ: "ಮರ ಬೆಳೆದಿದೆಯಲ್ಲ ಅಕ್ಕ, ತಗಡನ್ನೂ ಮೇಲಕ್ಕೆ ಎತ್ಕೊಂಡು ಹೋಗಿದೆ."

ಇರಬಹುದು ಎಂದುಕೊಂಡು ಅವಳು ನೆರಳಿನ ಬೆಂಚಿನ ಕಡೆ ಹೋದಳು.

ಮರ ಎತ್ತರವಾಗುವುದು ತುದಿಯಲ್ಲಿ; ಕಾಂಡಕ್ಕೆ ಹೊಡೆದ ಮೊಳೆ ನೂರು ವರ್ಷವಾದರೂ ಹೊಡೆದಲ್ಲೇ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮೈದುನನಿಗೆ ಈ ಪಾಠ ಹೇಳಿಕೊಟ್ಟವರು ದೊಡ್ಡ ಮಾಲಿಯೇ. ಟೇಪು ಕೆಳಗಿಳಿದಷ್ಟೂ ಬುಡ ದಪ್ಪ ಎನ್ನುವುದನ್ನು ಇಬ್ಬರಿಗೂ ಯಾರೂ ಹೇಳಿಕೊಡಬೇಕಿರಲಿಲ್ಲ. ದೊಡ್ಡ ಮಾಲಿ ತಗಡಿನ ಮುಂದೆ ನಿಂತು ಬೆನ್ನು ನೇರ ಮಾಡಲು ನೋಡಿದರು. ತಗಡು ಗದ್ದದಿಂದ ಕೆಳಗೆ ಇಳಿಯಲಿಲ್ಲ. ಅವನ ಜಾಗದಲ್ಲಿ ತಾವಿದ್ದಿದ್ದರೆ ಇಂಥ ಸುಳ್ಳು ತಮ್ಮ ಬಾಯಿಂದ ಬರುತ್ತಿರಲಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

"ಮುಂದಿನ ವರ್ಷದಿಂದ," ಎಂದರು, ಮೈದುನನ ಮುಖ ನೋಡದೆ, "ತಗಡಿನ ಮಟ್ಟಕ್ಕೇ ಅಳೆಯೋಣ."