ಕಾಣಿಕೆಯ ಮೂಟೆ

ಬೈಬಲ್ಲಿನ ಪ್ರವಾದಿಯ ಮಾತು ಓದಿ ಮುಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದವನು ಎಸ್ಟೇಟ್ ಮಾಲೀಕ ಶಶಿಧರ. ಬಾಳೆಲೆ ಊರಿನ ಆಚೆಗಿನ ಆ ಪುಟ್ಟ ಚರ್ಚಿನ ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತಿದ್ದ ಲಿಂಗಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅವಳು ಆ ಧರ್ಮದವಳಲ್ಲ. ಸುಗ್ಗಿಯ ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜು ನಡೆಯುತ್ತದೆ. ಅದಕ್ಕೆ ಊರಿಗೆ ಊರೇ ಬರುತ್ತದೆ, ಅವಳೂ ಬಂದಿದ್ದಳು. ಆದರೆ ಆರಾಧನೆ ನಡೆಸಿದ ಜಯಪ್ರಕಾಶ್ ಮಾಸ್ಟ್ರು ಓದಿದ್ದು ಅವಳು ಎಣಿಸಿರದ ಮಾತು. ಬಡವರನ್ನು ತುಳಿಯುವವರ ಹಬ್ಬ ತನಗೆ ಹೇಸಿಗೆ, ಅವರ ಮಹಡಿಗಳಿಗೆ ಬೆಂಕಿ ಕಳಿಸುತ್ತೇನೆ ಎಂದು ದೇವರೇ ಹೇಳಿದ್ದನಂತೆ.

ಕಾಣಿಕೆಗಳ ಸಾಲಿನಲ್ಲಿ ಶಶಿಧರನ ಕರಿಮೆಣಸಿನ ಮೂಟೆಯೂ ಇತ್ತು. ಹಿಂದಿನ ತಿಂಗಳು ಅದು ಕಾಣದೆ ಹೋದಾಗ, ಮೆಣಸು ಒಣಗಿಸುವ ಕಣ ಕಾಯುತ್ತಿದ್ದ ಲಿಂಗಮ್ಮನ ಗಂಡ ಸೋಮನನ್ನು ಶಶಿಧರ ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಹೊಡೆದಿದ್ದ. ಮೂಟೆ ಕಳುವಾಗಿರಲಿಲ್ಲ. ಮೊದಲ ಕೊಯ್ಲಿನದು ದೇವರಿಗೆ ಸಲ್ಲಬೇಕು, ಉಳಿದದ್ದರ ಜೊತೆ ಬೆರೆಯಬಾರದು ಎಂದು ಅವನ ಹೆಂಡತಿ ಸುಮಿತಾ ಅದನ್ನು ಬಂಗಲೆಯ ಪ್ರಾರ್ಥನೆ ಕೋಣೆಯಲ್ಲಿ ಎತ್ತಿಟ್ಟಿದ್ದಳು. ಬಂಗಲೆ ಗುಡಿಸುವ ಲಿಂಗಮ್ಮ ಅಲ್ಲಿ ಅದನ್ನು ಕಂಡಳು. ಆಮೇಲೆ ಶಶಿಧರನಿಗೂ ವಿಷಯ ತಿಳಿಯಿತು. ಆದರೆ ಮಾತು ಬಂಗಲೆಯ ಹೊಸಿಲು ದಾಟಲಿಲ್ಲ. ಲಿಂಗಮ್ಮ ಹೇಳಿದರೆ ನಂಬುವವರು ಯಾರು? ಊರಿನ ಕಣ್ಣಿಗೆ ಅವಳು ಕಳ್ಳನ ಹೆಂಡತಿ.

ಹರಾಜು ಕೂಗಲು ಅಂಗಳಕ್ಕಿಳಿದ ಮಾಸ್ಟ್ರನ್ನು ಅವಳು ತಡೆದಳು. "ಆ ಬೆಂಕಿ ಬಿತ್ತಾ ಮಾಸ್ಟ್ರೇ?"

"ಬಿತ್ತು. ಶತ್ರುಗಳು ಬಂದು ಪಟ್ಟಣವನ್ನೇ ಸುಟ್ಟರು. ಸೋಮನನ್ನು ನೆನೆದೇ ಇವತ್ತು ಅದನ್ನ ಓದಿದ್ದು ಲಿಂಗಮ್ಮ."

"ಗೊತ್ತಾಯ್ತು. ಆ ಪಟ್ಟಣದಲ್ಲಿ ಆಳುಕಾಳು ಇರ್ಲಿಲ್ವಾ?"

"ಇದ್ದರು."

"ಅವರ ಮನೆ?"

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ಅವೂ ಹೋದವು."

ಓದು ಕೇಳುವಾಗ ಲಿಂಗಮ್ಮನ ಕಣ್ಣ ಮುಂದೆ ಬಂಗಲೆಯ ಹಂಚುಗಳು ಸಿಡಿದಿದ್ದವು. ಒಳಗೊಳಗೇ ಹಿತವೂ ಆಗಿತ್ತು. ಆದರೆ ಬಂಗಲೆಗೆ ತಾಗಿಕೊಂಡೇ ಆಳುಗಳ ಸಾಲುಮನೆಗಳ ಲೈನು, ಅವಳ ಮನೆಯೂ ಅದರಲ್ಲೇ. "ಹಾಗಾದ್ರೆ ಬೆಂಕಿ ಬೇಡ," ಎಂದಳು. "ಆ ಮೆಣಸಿನ ಮೂಟೆ ಯಾವತ್ತು ಎತ್ತಿಟ್ಟದ್ದು ಅಂತ ಎಲ್ಲರ ಎದುರು ಬಂಗಲೆ ಅಮ್ಮನನ್ನ ಒಂದು ಮಾತು ಕೇಳಿ. ಅಷ್ಟು ಸಾಕು."

"ನಿನ್ನ ಕೆಲಸ ಹೋದೀತು."

"ಹೋಗ್ಲಿ. ಹೊಡೆತ ತಿಂದ ಮೇಲೆ ನಮ್ಮವರು ಯಾರಿಗೂ ಮುಖ ತೋರಿಸ್ತಾ ಇಲ್ಲ ಮಾಸ್ಟ್ರೇ. ಹಿತ್ಲಿಗೂ ಕತ್ತಲಾದ ಮೇಲೇ ಹೋಗೋದು."

ಕಾಣಿಕೆ ಯಾರದು, ಯಾತಕ್ಕೆ ಕೊಟ್ಟದ್ದು ಎಂದು ಹೇಳಿಯೇ ಹರಾಜು ಕೂಗುವುದು ಅಲ್ಲಿನ ಪದ್ಧತಿ. ಮೊದಲು ಬಂದದ್ದು ಬಾಳೆಗೊನೆ. ಆನೆ ತೋಟಕ್ಕೆ ನುಗ್ಗಿಯೂ ಇದೊಂದನ್ನು ಬಿಟ್ಟುಹೋಯಿತು, ಅದಕ್ಕೆ ಕಾಣಿಕೆ ಎಂದರು ಮಾಸ್ಟ್ರು. "ಆನೆಗೇ ಬೇಡದ್ದು ನಮಗ್ಯಾಕೆ?" ಎಂದ ಪಕ್ಕದ ತೋಟದ ಪೊನ್ನಪ್ಪ. ಜನ ನಕ್ಕರು. ಕೊನೆಗೆ ಗೊನೆ ಹಿಡಿದವನೂ ಅವನೇ.

ನಂತರ ಮೆಣಸಿನ ಮೂಟೆ. ಮಾಸ್ಟ್ರು ಸುಮಿತಾಳ ಕಡೆ ತಿರುಗಿದರು. "ಇದನ್ನ ಯಾವಾಗ ಎತ್ತಿಟ್ಟದ್ದಮ್ಮಾ?"

ಸುಮಿತಾ ಗಂಡನ ಮುಖ ನೋಡಿದಳು. ಹೇಳಬೇಡ ಎಂಬಂತೆ ಅವನು ಸಣ್ಣಗೆ ತಲೆ ಅಲ್ಲಾಡಿಸಿದ. ಚರ್ಚಿನ ಅಂಗಳದಲ್ಲಿ ನಿಂತು ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ಮೊದಲ ಕೊಯ್ಲು ಒಣಗಿದ ದಿನವೇ. ದೇವರಿಗೆ ಅಂತ. ಇವರಿಗೆ ಹೇಳೋಕೆ ಮರ್ತೆ."

"ಸೋಮನನ್ನು ಮರಕ್ಕೆ ಕಟ್ಟಿದ ದಿನ ಮೂಟೆ ಎಲ್ಲಿತ್ತು?"

"ನಮ್ಮ ಮನೇಲೇ."

ಮಾಸ್ಟ್ರು ಹರಾಜು ಕೂಗಿದರು. ಕರಿಮೆಣಸಿಗೆ ಯಾವ ವರ್ಷವೂ ಪೈಪೋಟಿ ತಪ್ಪಿದ್ದಿಲ್ಲ. ಮತ್ತೊಮ್ಮೆ ಕೂಗಿದರು. ಪೊನ್ನಪ್ಪ ನೆಲ ನೋಡುತ್ತ ನಿಂತ; ಯಾರೂ ಬೆಲೆ ಕೂಗಲಿಲ್ಲ.

ಶಶಿಧರ ಎದ್ದ. ಜನ ದಾರಿ ಬಿಟ್ಟರು. ಅವನು ಲಿಂಗಮ್ಮನ ಮುಂದೆ ಬಂದು ನಿಂತ.

"ಸೋಮ ಬಂದಿಲ್ವಾ?"

"ಇಲ್ಲ ಸಾವ್ಕಾರ್ರೇ. ಹೇಳೋದಿದ್ರೆ ನೀವೇ ಮನೆಗೆ ಬರ್ಬೇಕು."

ಅವನು ಎದುರಿನ ಇಳಿಜಾರಿನಲ್ಲಿ ಕಾಣುತ್ತಿದ್ದ ಲೈನಿನ ಕಡೆ ನೋಡಿದ. ಉದ್ದಕ್ಕೂ ಒಂದೇ ಸೂರು, ಒಂದೇ ಬಣ್ಣದ ಬಾಗಿಲುಗಳು. ಕಟ್ಟಿಸಿದ್ದು ಅವನ ತಂದೆ.

"ಅದ್ರಲ್ಲಿ ನಿಮ್ದು ಯಾವ ಬಾಗಿಲು?" ಎಂದು ಕೇಳಿದ.