ಸುಬೇದಾರರ ನಡಿಗೆ

ಸುಬೇದಾರ ಸತ್ಯಪ್ಪ ಮೂರನೆಯ ಸಲ ಬಿದ್ದದ್ದು ದೇಸೂರ ಸ್ಟೇಷನ್ನಿನಲ್ಲಿ, ನಾಲ್ಕು ಜನ ನೋಡುತ್ತಿದ್ದಾಗ. ಮರುದಿನ ಬೆಳಿಗ್ಗೆ ಹೆಂಡತಿ ಕಾಂತಾಳ ಜೊತೆ ರಾಮತೀರ್ಥ ನಗರದ ಕೃತಕ ಕಾಲಿನ ಕೇಂದ್ರಕ್ಕೆ ಬಂದವರೇ ಖುರ್ಚಿಯಲ್ಲಿ ಕೂತು ಹೊಸ ಕಾಲಿನ ಪಟ್ಟಿ ಬಿಚ್ಚತೊಡಗಿದರು.

"ತಗೋರಿ ನಿಮ್ಮ ಕಾಲ. ನನಗ ಹಳೇದ ಸಾಕು."

"ತಡೀರಿ ಕಾಕಾ," ಎಂದಳು ಕಾಲು ಜೋಡಿಸಿಕೊಟ್ಟಿದ್ದ ಮುಗ್ಧಾ, ಲ್ಯಾಪ್‌ಟಾಪ್ ತೆರೆಯುತ್ತ. "ಹಾಕ್ಕೊಂಡು ನೋಡೋ ಹದಿನೈದು ದಿನ ಇವತ್ತಿಗೆ ಮುಗೀತಾವ. ಇವತ್ತ ವಾಪಸ್ ಕೊಟ್ರ ಪಾಳಿಯೊಳಗ ಮುಂದಿನವ್ರಿಗೆ ಹೋಗ್ತದ. ಆಮ್ಯಾಲ ನೀವು ಕೇಳಿದ್ರೂ ಸಿಗೂದಿಲ್ಲ."

ಸತ್ಯಪ್ಪನವರಿಗೇನು ಕಾಲು ಬೇಡವಾಗಿತ್ತೇ? ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ತೊಡೆಯ ತನಕ ಹೋದ ಮೇಲೆ, ಹನ್ನೊಂದು ವರ್ಷ ಅವರು ತಮ್ಮ ಭತ್ತದ ಗದ್ದೆಯನ್ನು ರಸ್ತೆಯ ಮೇಲೆ ನಿಂತೇ ನೋಡಿದ್ದಾರೆ. ಹಳೆಯ ಕಾಲಿಗೆ ಬದುವಿನ ಮೇಲೆ ನಡೆಯಲು ಬಾರದು. ಹೊಸದರ ಮೊಣಕಾಲಿನಲ್ಲಿ ಪುಟ್ಟ ಕಂಪ್ಯೂಟರ್ ಇದೆ. ಹಾಕಿಕೊಂಡವರ ನಡಿಗೆಯನ್ನು ಅದು ಮೊದಲ ದಿನವೇ ಕಲಿತು, ಯಾವಾಗ ಮಡಚಬೇಕು, ಯಾವಾಗ ಬಿಗಿಯಾಗಬೇಕು ಎಂಬುದನ್ನು ತಾನೇ ನೋಡಿಕೊಳ್ಳುತ್ತದೆ. ಈ ಸಲ ನಾಟಿಗೆ ಬದುವಿನ ಮೇಲೆ ನಡೆದೇ ಹೋಗುತ್ತೇನೆ ಎಂದು ಸುಬೇದಾರರು ಊರೆಲ್ಲ ಸಾರಿಕೊಂಡು ಬಂದಿದ್ದರು. ಬಿದ್ದ ನೋವಿಗಿಂತ ಸಾರಿಕೊಂಡದ್ದೇ ಈಗ ಹೆಚ್ಚು ಉರಿಯುತ್ತಿತ್ತು.

ಮುಗ್ಧಾ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಕಾಕಾ, ಮೊದಲನೇ ದಿನ ಇಲ್ಲಿ ಇನ್ನೂರು ಹೆಜ್ಜಿ ಹಾಕೀರಿ. ಇನ್ನೂರೂ ಒಂದ ಅಳತಿ, ಒಂದ ಚಾಲು. ಕೂದಲೆಳಿಯಷ್ಟೂ ಫರಕ್ ಇಲ್ಲ. ಮನಿಯೊಳಗಿನ ಹೆಜ್ಜಿ ನೋಡಿದ್ರ ಬ್ಯಾರೆ ಯಾರೋ ನಡದಂಗ ಅದ."

"ಮತ್ತ? ನಡೀರಿ ಅಂದ್ರಿ, ನಡದೆ."

ಕಾಂತಾ ಸೆರಗು ಬಾಯಿಗೆ ಹಿಡಿದು ನಕ್ಕಳು. "ತಂಗಿ, ಅದು ನಡಿಗಿ ಅಲ್ಲ, ಪರೇಡ್. ಅವತ್ತ ಕರ್ನಲ್ ಸಾಹೇಬ್ರು ನೋಡಾಕ ಬಂದು ಬಾಜುಕ ನಿಂತಿದ್ರಲ್ಲ? ಇವ್ರು ಎದಿ ಉಬ್ಬಿಸಿ ಲೆಫ್ಟ್-ರೈಟ್ ಹೊಡದ್ರು. ಮನ್ಯಾಗ ಬಚ್ಚಲಕ್ಕ ಯಾರು ಪರೇಡ್ ಮಾಡ್ಕೋತ ಹೋಗ್ತಾರ?"

ಮುಗ್ಧಾ ಹಣೆ ಚಚ್ಚಿಕೊಂಡಳು. ಇಂಥ ಚೆಂದದ ನಡಿಗೆ ಯಾರದೂ ಇಲ್ಲವೆಂದು ಅವತ್ತು ಅವಳೂ ಹಿಗ್ಗಿದ್ದಳು. ಪಾಪದ ಕಾಲಿಗೇನು ಗೊತ್ತು, ಕಲಿಸಿದ್ದನ್ನು ಕಲಿತಿತ್ತು; ಮನೆಯ ನಡಿಗೆ ತಿಳಿಯದೆ ಬೀಳಿಸುತ್ತಿತ್ತು. "ಕಲ್ತಿದ್ದು ಅಳಿಸಿ ಮತ್ತ ಕಲಿಸೂಣು. ಈಗ ಆರಾಮಾಗಿ ನಡೀರಿ," ಎಂದಳು.

ನಡೀರಿ ಎಂದದ್ದೇ ತಡ, ಸತ್ಯಪ್ಪನವರ ಬೆನ್ನು ನೆಟ್ಟಗಾಯಿತು, ಎದೆ ಮುಂದೆ ಬಂತು, ಕೈಗಳು ತಾವೇ ಬೀಸತೊಡಗಿದವು. ಕರ್ನಲ್ ಇಲ್ಲ, ಇವರಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ, ಆದರೂ ಪರೇಡ್. ಮುಗ್ಧಾ ಐದು ಸಲ ನಡೆಸಿದಳು, ಐದೂ ಸಲ ಅದೇ. ಕೊನೆಗೆ ಸುಬೇದಾರರ ಕಣ್ಣಲ್ಲಿ ನೀರೇ ಬಂತು. "ಇಪ್ಪತ್ನಾಕು ವರ್ಷ ಹಿಂಗ ನಡದೇನ್ರಿ ಮೇಡಂ. ಯಾರರ ನೋಡಾಕತ್ತಾರ ಅಂದ್ರ ನನಗ ಬ್ಯಾರೆ ನಡಿಗಿ ಬರೂದುಲ್ಲ."

ಕಾಂತಾ ಎದ್ದಳು. "ನೀ ಸುಮ್ನ ಮಷಿನ್ ಚಾಲೂ ಇಡು," ಎಂದು ಮುಗ್ಧಾಳ ಕಿವಿಯಲ್ಲಿ ಉಸುರಿ, ಚೀಲ ಬಗಲಿಗೇರಿಸಿ, ಬಾಗಿಲ ತನಕ ಹೋಗಿ ತಿರುಗಿದಳು. "ಏನ್ರೀ, ನಿಮಗ ಹೇಳಿರಲಿಲ್ಲ. ನಮ್ಮ ಗದ್ದಿನ ಊರಾಗಿನ ರಾಯಪ್ಪಗ ಪಾಲಿಗಿ ಕೊಟ್ಟೇನಿ. ಬಸ್ಸಿಗೆ ಹೊತ್ತಾತು, ನಾ ಹೊಂಟೆ."

"ಏನಂದಿ?"

ಆಕೆ ಆಗಲೇ ಬೀದಿಗಿಳಿದಿದ್ದಳು. ಸತ್ಯಪ್ಪ ಬೆನ್ನು ಹತ್ತಿದರು. "ಏ ಕಾಂತಾ, ನಿಂದರ. ಯಾರನ್ನ ಕೇಳಿ ಕೊಟ್ಟಿ? ನಾ ಏನ್ ಸತ್ತೇನೇನು?" ಮೆಟ್ಟಿಲು ಇಳಿದರು. ಗಟಾರದ ಮೇಲಿನ ಕಲ್ಲು ದಾಟಿದರು. ಸ್ಕೂಟರೊಂದು ಅಡ್ಡ ಬಂದಾಗ ತಟಕ್ಕನೆ ನಿಂತು, ಅದರವನಿಗೂ ಎರಡು ಬೈದು, ಮತ್ತೆ ಹೊರಟರು. ಒಂದು ಹೆಜ್ಜೆ ಗಿಡ್ಡ, ಒಂದು ಉದ್ದ, ಕೈ ಒಂದು ಕಡೆ, ಬಾಯಿ ಒಂದು ಕಡೆ. ಲ್ಯಾಪ್‌ಟಾಪ್ ಎದೆಗವಚಿಕೊಂಡ ಮುಗ್ಧಾ, ಬಿದ್ದರೆ ಹಿಡಿಯಲೆಂದು ಒಂದು ಕೈ ಚಾಚಿ ಹಿಂದೆಯೇ ಓಡಿದಳು.

ಓಣಿಯ ತಿರುವಿನಲ್ಲಿ ಕಾಂತಾ ನಿಂತಳು. "ಸಾಕು ಕಾಕೂ, ಕಲೀತು," ಎಂದು ಮುಗ್ಧಾ ಏದುಸಿರು ಬಿಟ್ಟಳು. "ಭಾಳ ಛಲೋ ಕಲೀತು. ಇನ್ನ ಬೀಳೂದಿಲ್ಲ."

ಸತ್ಯಪ್ಪ ತಿರುಗಿ ತಾವು ಬಂದ ದಾರಿ ನೋಡಿದರು. ಕೇಂದ್ರದ ಬೋರ್ಡು ಅಷ್ಟು ದೂರದಲ್ಲಿ ಕಾಣುತ್ತಿತ್ತು. ಅವರ ಮೀಸೆಯಡಿಯಲ್ಲಿ ಮೆಲ್ಲಗೆ ನಗು ಮೂಡಿತು. "ಎಂಥಾಕಿ ಅದಿಲೇ ನೀ. ನನ್ನ ನಡಸಾಕ ಅಂಥಾ ಸುಳ್ಳ ಹೇಳಿದೇನ?"

ಕಾಂತಾ ನಗಲಿಲ್ಲ. ಚೀಲವನ್ನು ಗಂಡನ ಕೈಗೆ ಕೊಟ್ಟಳು.

"ಸುಳ್ಳಲ್ಲ. ನಿನ್ನಿ ನೀವು ಬಿದ್ದ ಮ್ಯಾಲ, ಸಂಜೀಕ ಮಾತು ಕೊಟ್ಟ ಬಂದೇನಿ. ರಾಯಪ್ಪ ಈಗ ಗದ್ಯಾಗ ಇರ್ತಾನ. ಬದುವಿನ ಮ್ಯಾಲ ಹೋಗಿ, ಕೊಡೂದುಲ್ಲ ಅಂತ ನೀವ ಹೇಳಿ ಬರ್ರಿ."