ಮುಳ್ಳು ಇಡದ ಪ್ಲೇಟು

ಮೊನ್ನೆ ಗೆಳೆಯರೆಲ್ಲ ಕೂತು ಮೆಚ್ಚಿನ ಹಳೆಯ ಹಾಡುಗಳ ಮಾತಾಡುತ್ತಿದ್ದಾಗ, ಯಾರದೋ ಕೈಯಲ್ಲಿದ್ದ ಗ್ರಾಮಫೋನ್ ಪ್ಲೇಟಿನ ಅರಗಿನ ವಾಸನೆ ಮೂಗಿಗೆ ಬಡಿದು ನನಗೆ ಚಿಕ್ಕಮ್ಮ ನೆನಪಾದರು.

1960ರ ಆಸುಪಾಸು. ಮಣ್ಣಗುಡ್ಡದ ನಮ್ಮ ಮನೆಗೆ ಒಂದು ಮಧ್ಯಾಹ್ನ ಪಾರ್ಸೆಲು ಬಂತು. ಕಳಿಸಿದವರು ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಚಿಕ್ಕಪ್ಪ. ಅವರು ತೀರಿಹೋದರೆಂಬ ಟೆಲಿಗ್ರಾಂ ಅದಕ್ಕೂ ಮೊದಲೇ ಬಂದಾಗಿತ್ತು. ಒಳಗಿದ್ದದ್ದು ಇಂಗ್ಲಿಷ್ ರಾಕ್ ಹಾಡಿನ ಹೊಸ ಪ್ಲೇಟು. ರಜೆಯಲ್ಲಿ ಬಂದಾಗ ಚಿಕ್ಕಪ್ಪ ಅಂಥ ಹಾಡು ಹಾಕಿ ಚಿಕ್ಕಮ್ಮನನ್ನು ಜಗಲಿಯಲ್ಲೇ ಕುಣಿಸುತ್ತಿದ್ದರು.

ಸಾವಾದ ಮನೆಯಲ್ಲಿ ವರ್ಷದವರೆಗೆ ಹಾಡು ಕೂಡದು. ನಮ್ಮ ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ಮದುಮಕ್ಕಳ ತಲೆಗೆ ತೆಂಗಿನ ಹಾಲು ಹಚ್ಚುವಾಗ ವೋವಿ ಎಂಬ ಸೋಬಾನೆ ಹಾಡಲು ಎಲ್ಲರೂ ಕರೆಯುತ್ತಿದ್ದುದು ನನ್ನ ಅಜ್ಜಿಯನ್ನು. ಅವರೂ ಬಾಯಿ ಮುಚ್ಚಿದ್ದರು.

ಕಪ್ಪು ಸೀರೆಯ ಚಿಕ್ಕಮ್ಮ ಗ್ರಾಮಫೋನಿಗೆ ಹೊದಿಸಿದ್ದ ಬಟ್ಟೆ ತೆಗೆದು ಹೊಸ ಪ್ಲೇಟು ಇಟ್ಟರು.

"ಎಂತ ಮಾಡ್ತೀ, ಸೆಲಿನ್? ನೆರೆಕರೆಯವರು ಎಂತ ಹೇಳಿಯಾರು?" ಅಡುಗೆಮನೆಯಿಂದ ಅಜ್ಜಿ ಓಡಿ ಬಂದರು.

"ಮುಳ್ಳು ಇಡುವುದಿಲ್ಲ, ಮಾಯ್. ತಿರುಗುವುದನ್ನು ನೋಡ್ತೇನೆ, ಅಷ್ಟೆ."

ಚಿಕ್ಕಮ್ಮ ಕೀ ಕೊಟ್ಟರು. ಕಪ್ಪು ಪ್ಲೇಟು ಸದ್ದಿಲ್ಲದೆ ತಿರುಗಿತು. ತಾವು ಕೇಳದ ಆ ಹಾಡಿಗೆ ಚಿಕ್ಕಮ್ಮನ ಬರಿಗಾಲು ಸಿಮೆಂಟಿನ ನೆಲದ ಮೇಲೆ ಯಾವುದೋ ತಾಳ ಹಾಕುತ್ತಿತ್ತು. ಅಜ್ಜಿ ಬೈಯುತ್ತಾರೆಂದು ನಾನು ಕಾದೆ.

ಕೀ ಇಳಿದು ಪ್ಲೇಟು ನಿಂತಿತು. ಅಜ್ಜಿ ಹತ್ತಿರ ಬಂದು ತಾವೇ ಮತ್ತೆ ಕೀ ಕೊಟ್ಟರು. ಆಮೇಲೆ ಹಾಲು ಹಚ್ಚುವವರ ಹಾಗೆ ಸೊಸೆಯ ಕೂದಲು ಸವರುತ್ತ, ಮಗನ ರೋಸಿನಲ್ಲಿ ಹಾಡಿದ್ದ ವೋವಿಯನ್ನು ಹಾಡತೊಡಗಿದರು. ತುಟಿ ಮಾತ್ರ ಆಡುತ್ತಿತ್ತು.